ಗೋಡೆ ತೆಗೆಯಬಹುದು, ಆದರೆ ಅದು ಹೊತ್ತ ಭಾರ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಸರ್, ನಾವು ಮೈಸೂರಿನವರು. 1988ರಲ್ಲಿ ನಮ್ಮ ಮಾವ ಕಟ್ಟಿಸಿದ ಮನೆ. ಪಿಲ್ಲರ್ ಇಲ್ಲ, ಪೂರ್ತಿ ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ. 1996ರಲ್ಲಿ ಮೇಲೆ ಇನ್ನೊಂದು ಮಹಡಿ ಹಾಕಿದರು. ಕೆಳಗೆ 14 ಅಡಿಗೆ 12 ಅಡಿ ಹಾಲ್, ಪಕ್ಕದಲ್ಲೇ 10 ಅಡಿಗೆ 12 ಅಡಿ ಊಟದ ಕೋಣೆ. ಎರಡರ ಮಧ್ಯೆ 12 ಅಡಿ ಉದ್ದದ, 9 ಇಂಚಿನ ಗೋಡೆ. ಅದರ ನಡುವೆ ಮೂರೂವರೆ ಅಡಿ ಅಗಲದ ಆರ್ಚ್ ಇದೆ. ಮೇಲಿನ ಮಹಡಿಯಲ್ಲೂ ಅದೇ ಜಾಗದಲ್ಲಿ ಗೋಡೆ ಇದೆ. ಅತ್ತೆಗೆ ಮಂಡಿ ಆಪರೇಷನ್ ಆಗಿದೆ, ವಾಕರ್ ಹಿಡಿದು ಓಡಾಡುತ್ತಾರೆ. ಗೌರಿ ಹಬ್ಬಕ್ಕೆ ನೆಂಟರು ಬಂದರೆ ಕೂರೋಕೆ ಜಾಗ ಸಾಲದು. ಅದಕ್ಕೇ ಆ ಗೋಡೆ ಪೂರ್ತಿ ತೆಗೆಸೋಣ ಅಂತ ಇದ್ದೇವೆ. ಮೇಸ್ತ್ರಿ ‘ಇಂಥ ನೂರು ಗೋಡೆ ಒಡೆದಿದ್ದೀನಿ, ನಾಲ್ಕು ಪ್ರಾಪು (ತಾತ್ಕಾಲಿಕ ಆಧಾರದ ಕಂಬ) ಕೊಟ್ಟು ಎರಡು ಆರಿಂಚಿನ ಚಾನೆಲ್ (ಸಿ ಆಕಾರದ ಉಕ್ಕಿನ ತೊಲೆ) ಹಾಕಿದ್ರೆ ಆಯ್ತು, ಮೂರು ದಿನದ ಕೆಲಸ’ ಅನ್ನುತ್ತಾರೆ. ನನ್ನ ತಮ್ಮ ಗೋಡೆ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತೆ, ಇದು ಭಾರದ ಗೋಡೆ ಅಲ್ಲ ಅಂದ. ಆರ್‌ಸಿಸಿ ತಾರಸಿ ತನ್ನಷ್ಟಕ್ಕೆ ನಿಲ್ಲುತ್ತೆ ಅಂತ ಇನ್ನೊಬ್ಬರು ಹೇಳಿದರು. ನಮ್ಮ ಯಜಮಾನರಿಗೆ ಮಾತ್ರ ಭಯ. ಯಾರ ಮಾತು ಕೇಳೋದು?

ಉತ್ತರ: ನಿಮ್ಮ ಯಜಮಾನರ ಭಯಕ್ಕೆ ಅರ್ಥವಿದೆ. ನೀವು ಬರೆದಿರುವ ವಿವರ ನೋಡಿದರೆ ಅದು ಭಾರ ಹೊರುವ ಗೋಡೆಯೇ. ಮನೆಯಲ್ಲಿ ಪಿಲ್ಲರ್ ಇಲ್ಲ, ಗೋಡೆ 9 ಇಂಚಿನದು, ಎರಡೂ ಕಡೆಯ ತಾರಸಿ ಅದರ ಮೇಲೆ ಕೂತಿದೆ, ಅದರ ನೆತ್ತಿಯ ಮೇಲೇ ಮತ್ತೊಂದು ಗೋಡೆ ಇದೆ. ಇಷ್ಟು ಸಾಕು. ಹಾಗಂತ ಅದನ್ನು ಮುಟ್ಟಲೇಬಾರದು ಅಂತಲ್ಲ. ಭಾರದ ಗೋಡೆಗಳನ್ನು ತೆಗೆಯುವ ಕೆಲಸ ಎಷ್ಟೋ ಮನೆಗಳಲ್ಲಿ ಸರಿಯಾಗಿ ನಡೆದಿದೆ, ನಾನೇ ಮಾಡಿಸಿದ್ದೇನೆ. ಇಟ್ಟಿಗೆ ಒಡೆಯೋದು ಅದರಲ್ಲಿ ಸಣ್ಣ ಕೆಲಸ. ಆ ಇಟ್ಟಿಗೆ ಹೊತ್ತಿದ್ದ ಭಾರಕ್ಕೆ ಮಣ್ಣಿನ ತನಕ ಹೊಸ ದಾರಿ ಮಾಡಿಕೊಡೋದೇ ದೊಡ್ಡ ಕೆಲಸ. ನಿಮ್ಮ ಮೇಸ್ತ್ರಿಯ ಲೆಕ್ಕದಲ್ಲಿ ಆ ದಾರಿ ಅರ್ಧಕ್ಕೇ ನಿಂತಿದೆ.

ಮೊದಲು ತಟ್ಟಿ ನೋಡುವ ವಿಷಯ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಇಟ್ಟಿಗೆಯಿಂದ ಬಿಟ್ಟುಕೊಂಡಿದೆ ಎಂದು ಅರ್ಥ, ಅಷ್ಟೇ. ಮೂವತ್ತೈದು ವರ್ಷ ಹಳೆಯ ಮನೆಯಲ್ಲಿ ಅದು ಮಾಮೂಲು. ಗೋಡೆ ಎಷ್ಟು ಭಾರ ಹೊತ್ತಿದೆ ಅಂತ ಸದ್ದು ಹೇಳುವುದಿಲ್ಲ.

ತಾರಸಿ ತನ್ನಷ್ಟಕ್ಕೆ ನಿಲ್ಲುತ್ತದೆ ಎನ್ನುವ ಮಾತು ಇದಕ್ಕಿಂತ ಅಪಾಯದ್ದು. ತಾರಸಿಯೊಳಗಿನ ಕಂಬಿಯನ್ನು ಎಲ್ಲಿ ಗೋಡೆ ಇದೆ, ಎಲ್ಲಿ ಇಲ್ಲ ಅಂತ ನೋಡಿಕೊಂಡೇ ಕಟ್ಟಿರುತ್ತಾರೆ. ಕೋಣೆಯ ನಡುವೆ ತಾರಸಿ ಕೆಳಕ್ಕೆ ಬಾಗುತ್ತದೆ, ಹಾಗಾಗಿ ಅಲ್ಲಿ ಕಂಬಿ ಅಡಿಭಾಗದಲ್ಲಿ ಇರುತ್ತದೆ. ಗೋಡೆಯ ಮೇಲೆ ಬಂದಾಗ ಬಾಗುವ ದಿಕ್ಕು ಉಲ್ಟಾ. ಅಲ್ಲಿ ಎಳೆತ ಮೇಲ್ಭಾಗಕ್ಕೆ ಬೀಳುತ್ತದೆ. ಆ ಕಾಲದಲ್ಲಿ ಅರ್ಧದಷ್ಟು ಕಂಬಿಗಳನ್ನು ಗೋಡೆ ಹತ್ತಿರ ಬಂದಾಗ ಕ್ರ್ಯಾಂಕ್ ಮಾಡಿ, ಅಂದರೆ ಮೇಲಕ್ಕೆ ಬಗ್ಗಿಸಿ, ಹಾಕುತ್ತಿದ್ದರು. ಈಗ ಗೋಡೆ ತೆಗೆದರೆ ಆ ಜಾಗವೇ ದೊಡ್ಡ ಕೋಣೆಯ ನಡುಭಾಗ ಆಗಿಬಿಡುತ್ತದೆ. ಕೆಳಗೆ ಕಂಬಿ ಜಾಸ್ತಿ ಬೇಕಾದ ಕಡೆಯೇ ಅದು ಕಡಿಮೆ ಇರುತ್ತದೆ. ದೂರದ ಲೆಕ್ಕವೂ ಇದೆ. ಆಧಾರಗಳ ನಡುವಿನ ದೂರ ಎರಡು ಪಟ್ಟು ಆದರೆ ತಾರಸಿಯನ್ನು ಬಗ್ಗಿಸುವ ಬಲ ನಾಲ್ಕು ಪಟ್ಟು ಆಗುತ್ತದೆ, ಜೋತು ಬೀಳುವುದು ಹದಿನಾರು ಪಟ್ಟು.

‘ಗೋಡೆ ತೆಗೆದು ತಿಂಗಳಾಯ್ತು, ಏನೂ ಆಗಿಲ್ಲವಲ್ಲ’ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಕಾಂಕ್ರೀಟ್ ತಕ್ಷಣ ದೂರು ಹೇಳುವ ವಸ್ತು ಅಲ್ಲ. ಭಾರದಡಿ ಅದು ವರ್ಷಗಟ್ಟಲೆ ನಿಧಾನವಾಗಿ ಜಗ್ಗುತ್ತದೆ. ಗೋಡೆ ತೆಗೆದ ದಿನ ಮೇಲಿನ ಕೋಣೆ ಖಾಲಿ ಇರಬಹುದು. ಹಬ್ಬದ ದಿನ ಅಲ್ಲಿ ಇಪ್ಪತ್ತು ಜನ ಕೂರುತ್ತಾರೆ, ಅಲ್ವಾ?

ಈಗ ನಿಮ್ಮ ಗೋಡೆಯ ಮೇಲೆ ಎಷ್ಟು ಭಾರ ಇದೆ ಅಂತ ಒಟ್ಟಿಗೇ ಲೆಕ್ಕ ಹಾಕೋಣ. ಇದು ಅಂದಾಜು ಮಾತ್ರ, ಇಂಜಿನಿಯರ್ ಮನೆಗೆ ಬಂದು ಅಳೆದು ಮಾಡುವ ಲೆಕ್ಕದ ಬದಲಿಗೆ ಬಳಸಬೇಡಿ.

ನಾಲ್ಕೂ ಕಡೆ ಗೋಡೆ ಇರುವ ತಾರಸಿಯ ಭಾರ ನಾಲ್ಕೂ ಗೋಡೆಗೆ ಹಂಚಿಹೋಗುತ್ತದೆ. ಕೋಣೆಯ ಮೂಲೆಗಳಿಂದ 45 ಡಿಗ್ರಿಯಲ್ಲಿ ಗೆರೆ ಎಳೆದರೆ ಯಾವ ಗೋಡೆಗೆ ಎಷ್ಟು ಪಾಲು ಅಂತ ಸಿಗುತ್ತದೆ. ನಿಮ್ಮ ಹಾಲ್ ಕಡೆಯಿಂದ 36 ಚದರಡಿ, ಊಟದ ಕೋಣೆ ಕಡೆಯಿಂದ 35 ಚದರಡಿ, ಒಟ್ಟು 71 ಚದರಡಿ ಈ ಗೋಡೆಯ ಪಾಲು. 5 ಇಂಚಿನ ತಾರಸಿ ಒಂದು ಚದರಡಿಗೆ ಸುಮಾರು 30 ಕೆ.ಜಿ. ತೂಗುತ್ತದೆ. ನೆಲಹಾಸು, ಅದರ ಕೆಳಗಿನ ಗಾರೆ ಸೇರಿ 9 ಕೆ.ಜಿ. ಜನ, ಮಂಚ, ಬೀರುಗೆ ಅಂತ ಮನೆಗಳಲ್ಲಿ ಚದರ ಮೀಟರಿಗೆ 200 ಕೆ.ಜಿ. ಹಿಡಿಯಬೇಕು ಅಂತ ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875 ಹೇಳುತ್ತದೆ. ಚದರಡಿಗೆ ಅದು 19 ಕೆ.ಜಿ. ಬರುತ್ತದೆ. ಒಟ್ಟು ಚದರಡಿಗೆ 58 ಕೆ.ಜಿ., ಅದನ್ನು 71 ಚದರಡಿಗೆ ಲೆಕ್ಕ ಹಾಕಿ. ಅಂದರೆ ಮೊದಲ ತಾರಸಿಯಿಂದಲೇ 4 ಟನ್. ಮಹಡಿ ಮೇಲಿನ ತಾರಸಿಯಿಂದ ಹೆಚ್ಚುಕಮ್ಮಿ ಇನ್ನೊಂದು 4 ಟನ್. ಮೇಲಿನ ಮಹಡಿಯ ಗೋಡೆ ತಾನೇ 5 ಟನ್ ತೂಗುತ್ತದೆ. ಎಲ್ಲ ಸೇರಿ 13 ಟನ್.

ನೀವು ಮೈಸೂರಿನವರು, ಆನೆ ಲೆಕ್ಕದಲ್ಲಿ ಹೇಳಿದರೆ ಬೇಗ ಕಣ್ಣಿಗೆ ಕಟ್ಟುತ್ತದೆ. ಅಂಬಾರಿ ಹೊರುವ ದೊಡ್ಡ ಗಂಡಾನೆ 5 ಟನ್‌ನ ಆಸುಪಾಸು ತೂಗುತ್ತದೆ. ನಿಮ್ಮ ಗೋಡೆಯ ಮೇಲೆ ಎರಡೂವರೆ ಆನೆ ನಿಂತಿವೆ. ನೀರಿನ ಟ್ಯಾಂಕ್ ಆ ಗೋಡೆಯ ನೇರಕ್ಕೆ ಇದ್ದರೆ ಸಾವಿರ ಲೀಟರಿಗೆ ಇನ್ನೊಂದು ಟನ್ ಸೇರಿಸಿ.

ಮೇಸ್ತ್ರಿ ಹೇಳಿದ ಎರಡು ಆರಿಂಚಿನ ಚಾನೆಲ್ ಈ 13 ಟನ್ನನ್ನು 12 ಅಡಿ ದೂರಕ್ಕೆ ಹೊತ್ತೀತೇ? ನಾನು ಲೆಕ್ಕ ಹಾಕಿ ನೋಡಿದೆ. ಇರಬೇಕಾದ ಬಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಅದಕ್ಕಿದೆ. ತಕ್ಷಣ ಮುರಿದು ಬೀಳದೆ ನಿಂತರೂ ನಡುವೆ ಒಂದು ಇಂಚಿಗೂ ಜಾಸ್ತಿ ಬಾಗುತ್ತದೆ. ಮೇಲಿನ ಮಹಡಿಯ ಇಟ್ಟಿಗೆ ಗೋಡೆ ಅಷ್ಟು ಬಾಗನ್ನು ತಡೆಯುವುದಿಲ್ಲ, ಸೀಳುತ್ತದೆ. ಪೂರ್ತಿ 12 ಅಡಿ ಬಿಡಿಸಲೇಬೇಕು ಅಂದರೆ ಐಎಸ್‌ಎಂಬಿ 250, ನನ್ನ ಮನಸ್ಸಿಗೆ ಒಪ್ಪುವುದು ಐಎಸ್‌ಎಂಬಿ 300, ಅಂದರೆ ಹತ್ತು-ಹನ್ನೆರಡು ಇಂಚು ಎತ್ತರದ ಐ ಆಕಾರದ ಉಕ್ಕಿನ ಬೀಮ್ ಬೇಕು. 250ರದ್ದೇ ಮೀಟರಿಗೆ 37 ಕೆ.ಜಿ. ಹದಿಮೂರು ಅಡಿ ತುಂಡು 150 ಕೆ.ಜಿ. ಆಯಿತು. ಅದನ್ನು ಪ್ರಾಪುಗಳ ಮಧ್ಯೆ ತೂರಿಸಿ ತಾರಸಿ ಅಡಿಗೆ ಎತ್ತಿ ಕೂರಿಸೋದು ಇಬ್ಬರು ಕೂಲಿಯವರಿಂದ ಆಗುವ ಕೆಲಸ ಅಲ್ಲ.

ಇಲ್ಲಿಗೂ ಮುಗಿಯಲಿಲ್ಲ. ಮೇಸ್ತ್ರಿಗಳು ಹೆಚ್ಚಾಗಿ ಮರೆಯುವುದು ಬೀಮಿನ ಎರಡು ತುದಿಗಳನ್ನು. ಇಷ್ಟು ದಿನ ಗೋಡೆಯುದ್ದಕ್ಕೂ ಹಂಚಿದ್ದ ಭಾರ ಈಗ ಎರಡೇ ಜಾಗಕ್ಕೆ ಬರುತ್ತದೆ, ಒಂದೊಂದಕ್ಕೆ ಆರೂವರೆ ಟನ್. ಬೀಮಿನ ತುದಿಯನ್ನು ಸುಮ್ನೆ ಹೊರಗೋಡೆಯಲ್ಲಿ ತೂತು ಮಾಡಿ ಕೂರಿಸಿದರೆ ಅದರಡಿಯ ಇಟ್ಟಿಗೆಯ ಮೇಲೆ, ಹಳೆಯ ಸಾಧಾರಣ ಇಟ್ಟಿಗೆಗೆ ಇಟ್ಟಿಗೆ ಗೋಡೆಗಳ ಮಾನದಂಡ ಐಎಸ್ 1905 ಒಪ್ಪುವುದಕ್ಕಿಂತ ನಾಲ್ಕೈದು ಪಟ್ಟು ಒತ್ತಡ ಬೀಳುತ್ತದೆ. ಇಟ್ಟಿಗೆ ಪುಡಿಯಾಗಲು ಶುರುವಾಗುತ್ತದೆ. ತುದಿಯಡಿ ಕಾಂಕ್ರೀಟಿನ ದಿಮ್ಮಿ, ಅಂದರೆ ಬೆಡ್ ಬ್ಲಾಕ್, ಹಾಕಿದರೆ ಒತ್ತಡ ಹರಡುತ್ತದೆ, ಆದರೆ ಇಷ್ಟು ಭಾರಕ್ಕೆ ಅದೂ ಸಾಲದೆ ಹೋಗಬಹುದು. ಆಗ ಎರಡೂ ತುದಿಗೆ ಪಿಲ್ಲರ್ ಬೇಕು. ಪಿಲ್ಲರ್ ಅಂದಮೇಲೆ ಅದಕ್ಕೆ ಪಾಯ ಬೇಕು. ನಿಮ್ಮ ಗೋಡೆಯ ಸೈಜುಗಲ್ಲಿನ ಪಾಯ ಉದ್ದಕ್ಕೂ ಹಂಚಿಬರುವ ಭಾರಕ್ಕೆ ಹಾಕಿದ್ದು. ಒಂದೇ ಕಡೆ ಆರೂವರೆ ಟನ್ ಒತ್ತಿದರೆ ಆ ಕಡೆ ಮಾತ್ರ ಕುಸಿಯುವ ಅಪಾಯ ಇದೆ. ಗಟ್ಟಿ ಕೆಂಪು ಮಣ್ಣಾದರೆ ಎರಡೂವರೆ ಅಡಿ ಚೌಕದ ಪಾಯ ಸಾಕಾದೀತು. ಧಾರವಾಡ, ವಿಜಯಪುರದ ಕಡೆಯ ಎರೆಮಣ್ಣಾದರೆ ಲೆಕ್ಕವೇ ಬೇರೆ.

ಕೆಲವು ವರ್ಷಗಳ ಹಿಂದೆ ಒಂದು ಮನೆಯವರು ನನಗೆ ಫೋನ್ ಮಾಡಿದ್ದರು. ‘ಸರ್, ಮೇಲಿನ ರೂಮಿನ ಬಾಗಿಲು ಹಾಕೋಕೆ ಬರ್ತಿಲ್ಲ, ಬಡಗಿಯವರನ್ನ ಕರೆಸಿದ್ರೆ ಇದು ನಿಮ್ಮ ಕೆಲಸ ಅಂತಾರೆ’ ಅಂದರು. ಹೋಗಿ ನೋಡಿದೆ. ಕೆಳಗೆ ಹಿಂದಿನ ದಿನ ಗೋಡೆ ಒಡೆದಿದ್ದರು. ಆಧಾರಕ್ಕೆ ಆರು ಸರ್ವೆ ಕಂಬ ನಿಲ್ಲಿಸಿದ್ದರು, ಅಡಿಗೆ ಒಂದೊಂದು ಇಟ್ಟಿಗೆ ತುಂಡು. ನೆಲದಡಿ ಮನೆ ಕಟ್ಟುವಾಗ ತುಂಬಿದ್ದ ಮಣ್ಣು ಸಡಿಲವಾಗಿತ್ತು. ಎರಡು ಕಂಬದ ಕೆಳಗೆ ರೆಡ್ ಆಕ್ಸೈಡ್ ನೆಲ ಬಟ್ಟಲಿನ ಹಾಗೆ ಒಳಗೆ ಹೋಗಿತ್ತು. ಮೇಲಿನ ಬಾಗಿಲಿನ ಮೂಲೆಯಿಂದ ಓರೆಯಾಗಿ ಒಂದು ಬಿರುಕು ತಾರಸಿ ತನಕ ಹೋಗಿತ್ತು. ಅದರೊಳಗೆ ಒಂದು ರೂಪಾಯಿ ನಾಣ್ಯದ ಅಂಚು ಆರಾಮಾಗಿ ಹೋಗುತ್ತಿತ್ತು. ಮನೆಯವರನ್ನೆಲ್ಲ ಹೊರಗೆ ಕಳಿಸಿ, ದಪ್ಪ ಹಲಗೆಗಳ ಮೇಲೆ ಕಬ್ಬಿಣದ ಪ್ರಾಪು ಹತ್ತಿರಹತ್ತಿರ ಕೊಟ್ಟು, ರಾತ್ರಿ ಹನ್ನೊಂದರ ತನಕ ಸ್ವಲ್ಪಸ್ವಲ್ಪವೇ ಸ್ಕ್ರೂ ತಿರುಗಿಸಿ ಭಾರ ಹಿಡಿಸಿದೆವು. ಮನೆ ಉಳಿಯಿತು. ಆ ಬಾಗಿಲು ಮಾತ್ರ ಮತ್ತೆ ಸರಿಯಾಗಿ ಕೂರಲಿಲ್ಲ. ಆ ಮೇಸ್ತ್ರಿಯೂ ನೂರು ಗೋಡೆ ಒಡೆದವರೇ. ಒಳ್ಳೆಯ ಕೆಲಸಗಾರರು. ಆದರೆ ಒಡೆದ ನೂರರಲ್ಲಿ ಎಷ್ಟು ಭಾರದ ಗೋಡೆ, ಎಷ್ಟು ಬರೀ ಅಡ್ಡಗೋಡೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೀಗೆ ಎಚ್ಚರಿಕೆ ಸಿಗದೇ ಹೋಗುವುದೂ ಉಂಟು. 2017ರ ಜುಲೈ 25ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ನಾಲ್ಕು ಮಹಡಿಯ ವಸತಿ ಕಟ್ಟಡ ಕುಸಿದು 17 ಜನ ಸತ್ತರು. ಅದರ ನೆಲಮಹಡಿಯಲ್ಲಿ ರಿಪೇರಿ ನಡೆಯುತ್ತಿತ್ತು. ಅಲ್ಲಿ ಕಂಬಗಳಿಗೆ ಕೈ ಹಾಕಿದರು ಎಂಬ ದೂರಿನ ಮೇಲೆ ಕೇಸು ದಾಖಲಾಯಿತು. ಕೆಳಗಿನ ಮಹಡಿಯನ್ನು ಮುಟ್ಟುವುದು ಯಾವಾಗಲೂ ಹೆಚ್ಚು ಸೂಕ್ಷ್ಮ, ಮೇಲಿನದೆಲ್ಲ ಅಲ್ಲಿಗೇ ಇಳಿಯುತ್ತದಲ್ಲ.

ಗೋಡೆಗೆ ಇನ್ನೊಂದು ಕೆಲಸವೂ ಇದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಖಾಲಿ ರಟ್ಟಿನ ಪೆಟ್ಟಿಗೆಯನ್ನು ಪಕ್ಕದಿಂದ ಒತ್ತಿ ನೋಡಿ, ಓರೆಯಾಗುತ್ತದೆ. ಒಳಗೆ ಒಂದು ಅಡ್ಡ ರಟ್ಟು ಇಟ್ಟು ಒತ್ತಿ, ಅಲುಗುವುದಿಲ್ಲ. ಪಿಲ್ಲರ್ ಇಲ್ಲದ ಮನೆಯಲ್ಲಿ ಒಳಗಿನ ಗೋಡೆಗಳು ಆ ಅಡ್ಡ ರಟ್ಟಿನ ಹಾಗೆ. ಭೂಕಂಪದಲ್ಲಿ ಮನೆ ಪಕ್ಕಕ್ಕೆ ಅಲುಗಿದರೆ ತಡೆಯುವುದು ಅವೇ. ಮೈಸೂರು, ಬೆಂಗಳೂರು ಭೂಕಂಪದ ಮಾನದಂಡ ಐಎಸ್ 1893ರ 2016ರ ಪಟ್ಟಿಯಲ್ಲಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿವೆ. ಮಂಗಳೂರು, ಕಾರವಾರ, ಬೆಳಗಾವಿ ಮೂರನೇ ವಲಯದಲ್ಲಿವೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗಿಂತ ದೂರದ ಅಹಮದಾಬಾದಿನಲ್ಲಿ, ಕೆಳಗೆ ಗೋಡೆಗಳಿಲ್ಲದೆ ಬರೀ ಕಂಬದ ಮೇಲೆ ನಿಂತಿದ್ದ ಅಪಾರ್ಟ್‌ಮೆಂಟುಗಳು ಬಿದ್ದವು. ಅದಕ್ಕೇ ಮೇಲಿನ ಭಾರಕ್ಕೆ ಬೀಮ್ ಹಾಕಿದ ಮಾತ್ರಕ್ಕೆ ಗೋಡೆಯ ಲೆಕ್ಕ ಪೂರ್ತಿ ತೀರಿತು ಅಂತ ನಾನು ಹೇಳುವುದಿಲ್ಲ.

ಹಾಗಾದರೆ ನೀವು ಏನು ಮಾಡಬಹುದು?

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅತ್ತೆಯವರ ವಾಕರ್‌ಗೆ ಈಗಿನ ಮೂರೂವರೆ ಅಡಿ ಆರ್ಚೇ ಸಾಕು. ಗಾಲಿಕುರ್ಚಿಗೂ ಮೂರಡಿ ಇದ್ದರೆ ನಡೆಯುತ್ತದೆ. ಅವರಿಗೆ ತೊಂದರೆ ಆಗುತ್ತಿರುವುದು ಹೊಸ್ತಿಲಿನಿಂದಲೋ, ನೆಲದ ಏರುತಗ್ಗಿನಿಂದಲೋ ಇರಬಹುದು, ಒಮ್ಮೆ ನೋಡಿ. ಅಂದಮೇಲೆ ಉಳಿದದ್ದು ಹಬ್ಬದ ದಿನದ ಜಾಗದ ಮಾತು.

ಅದಕ್ಕೆ ಪೂರ್ತಿ ಗೋಡೆ ತೆಗೆಯುವ ಬದಲು ಆರ್ಚನ್ನು 6 ಅಡಿಗೆ ಅಗಲ ಮಾಡಿ, ಎರಡೂ ಕಡೆ ಮೂರು ಮೂರು ಅಡಿ ಗೋಡೆ ಉಳಿಸಿ. ನಿಮ್ಮ ಮನೆ ನನ್ನದಾಗಿದ್ದರೆ ನಾನು ಇದನ್ನೇ ಮಾಡಿಸುತ್ತಿದ್ದೆ. 6 ಅಡಿ ತೆರೆದರೆ ಹಾಲ್‌ನಲ್ಲಿ ಕೂತವರಿಗೆ ಊಟದ ಕೋಣೆ ಚೆನ್ನಾಗಿ ಕಾಣುತ್ತದೆ, ಎಲೆ ಹಾಕಿದಾಗ ಬಡಿಸುವವರು ಸಲೀಸಾಗಿ ಓಡಾಡಬಹುದು. ಲೆಕ್ಕದಲ್ಲೂ ಇದು ಬೇರೆಯೇ ಕೆಲಸ. ಮೇಸ್ತ್ರಿ ಹೇಳಿದ ಅದೇ ಎರಡು ಆರಿಂಚಿನ ಚಾನೆಲ್ 12 ಅಡಿಯಲ್ಲಿ ಒಂದು ಇಂಚಿಗೂ ಜಾಸ್ತಿ ಬಾಗುತ್ತಿತ್ತಲ್ಲ, 6 ಅಡಿಯಲ್ಲಿ ಮೂರು ಮಿಲಿಮೀಟರ್ ಒಳಗೇ ಇರುತ್ತದೆ. ಬಲಕ್ಕೂ ಸಾಕು. ಉಳಿದ ಗೋಡೆಯ ಮೇಲಿನ ಒತ್ತಡ ಈಗಿನದಕ್ಕಿಂತ ಸುಮಾರು 1.4 ಪಟ್ಟು ಆಗುತ್ತದೆ. ಇಟ್ಟಿಗೆ ಗಟ್ಟಿ ಇದ್ದರೆ, ಚಾನೆಲ್ ತುದಿಗೆ ಬೆಡ್ ಬ್ಲಾಕ್ ಹಾಕಿದರೆ, ಹೊಸ ಪಿಲ್ಲರ್ ಇಲ್ಲದೆಯೇ ಮುಗಿಯುವ ಸಾಧ್ಯತೆ ಇದೆ. ಇಟ್ಟಿಗೆ ಮೆತ್ತಗಿದೆಯಾ ಅಂತ ಇಂಜಿನಿಯರ್ ಪ್ಲಾಸ್ಟರ್ ಕೆತ್ತಿಸಿ ನೋಡಲೇಬೇಕು. ಉಗುರಿನಲ್ಲಿ ಕೆರೆದರೆ ಪುಡಿ ಉದುರುವ ಇಟ್ಟಿಗೆಯನ್ನೂ ನಾನು ಕಂಡಿದ್ದೇನೆ. ಈಗಿನ ಆರ್ಚಿನ ಮೇಲಿರುವ ಹಳೇ ಲಿಂಟಲ್ 6 ಅಡಿಗೆ ಬರುವುದಿಲ್ಲ, ಅದನ್ನು ಉಳಿಸಿಕೊಂಡು ಪಕ್ಕದ ಇಟ್ಟಿಗೆ ಮಾತ್ರ ಕೀಳಲು ಬಿಡಬೇಡಿ.

ಕೆಲಸ ನಡೆಯುವ ರೀತಿಯೂ ಇಲ್ಲಿ ಸ್ವಲ್ಪ ಸುರಕ್ಷಿತ. ಗೋಡೆ ಒಡೆಯುವ ಮೊದಲೇ ಹಾಲ್ ಕಡೆಯಿಂದ ನಾಲ್ಕೂವರೆ ಇಂಚು ಆಳಕ್ಕೆ ಗಾಡಿ, ಅಂದರೆ ಉದ್ದನೆಯ ಕಚ್ಚು, ಕೊರೆದು ಒಂದು ಚಾನೆಲ್ ಕೂರಿಸುತ್ತಾರೆ. ಅದರ ಮೇಲಿನ ಸಂದಿಗೆ ನಾನ್-ಶ್ರಿಂಕ್ ಗ್ರೌಟ್, ಅಂದರೆ ಒಣಗಿದಾಗ ಕುಗ್ಗದ ಗಾರೆ, ತುಂಬುತ್ತಾರೆ. ಮಾಮೂಲಿ ಗಾರೆ ಒಣಗಿದಾಗ ಕುಗ್ಗಿ ಕೂದಲೆಳೆಯಷ್ಟು ಸಂದಿ ಬಿಡುತ್ತದೆ, ಆಮೇಲೆ ಮೇಲಿನ ಗೋಡೆ ಅಷ್ಟು ಇಳಿದು ಕೂರುತ್ತದೆ, ಬಿರುಕು ಬರೋದು ಆಗಲೇ. ಗ್ರೌಟ್ ಗಟ್ಟಿಯಾದ ಮೇಲೆ ಊಟದ ಕೋಣೆ ಕಡೆಯಿಂದ ಎರಡನೆಯ ಚಾನೆಲ್. ಎರಡನ್ನೂ ಗೋಡೆ ತೂರಿ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಆಮೇಲೆ ಕೆಳಗಿನ ಇಟ್ಟಿಗೆಯನ್ನು ಮೇಲಿನ ವರಸೆಯಿಂದ ಒಂದೊಂದಾಗಿ ಬಿಡಿಸುತ್ತಾರೆ. ಕಟಿಂಗ್ ಮೆಷಿನ್, ಉಳಿ ಸುತ್ತಿಗೆ ಸಾಕು. ಬ್ರೇಕರ್ (ಗೋಡೆ ಕುಟ್ಟಿ ಒಡೆಯುವ ಯಂತ್ರ) ಬೇಡ, ಅದರ ಅದುರಿಗೆ ಹಳೇ ಗೋಡೆಯ ಸಂದಿಗಾರೆ ಬಿಟ್ಟುಕೊಳ್ಳುತ್ತದೆ. ಇದೆಲ್ಲ ನಡೆಯುವಾಗ ಗೋಡೆಯ ಎರಡೂ ಕಡೆ ಸ್ಕ್ರೂ ಇರುವ ಕಬ್ಬಿಣದ ಪ್ರಾಪು ಸಾಲಾಗಿ ಇರಬೇಕು, ಮೇಲೂ ಕೆಳಗೂ ದಪ್ಪ ಹಲಗೆ ಕೊಟ್ಟು. ಗ್ರೌಟ್ ಪೂರ್ತಿ ಬಲ ಬರುವ ತನಕ ಅವನ್ನು ತೆಗೆಯುವ ಹಾಗಿಲ್ಲ. ಮೂರು ದಿನದಲ್ಲಿ ಮುಗಿಯುವ ಕೆಲಸ ಇದಲ್ಲ, ಎರಡು ವಾರ ಇಟ್ಟುಕೊಳ್ಳಿ. ಅಷ್ಟು ದಿನ ಮೇಲಿನ ಆ ಎರಡು ಕೋಣೆಯಲ್ಲಿ ಯಾರೂ ಮಲಗಬೇಡಿ.

ಪೂರ್ತಿ 12 ಅಡಿಯೇ ಬೇಕು ಅಂತ ಮನೆಯಲ್ಲಿ ತೀರ್ಮಾನ ಆದರೆ ಅದಕ್ಕೂ ದಾರಿ ಇದೆ. ದೊಡ್ಡ ಉಕ್ಕಿನ ಬೀಮ್, ಎರಡು ಪಿಲ್ಲರ್, ಹೊಸ ಪಾಯ. ಮೇಲೆ ಗೋಡೆ ಇರುವುದರಿಂದ ಬರೀ ತಾರಸಿಗೆ ಪ್ರಾಪು ಕೊಟ್ಟರೆ ಸಾಲದು, ಆ ಗೋಡೆಯ ಭಾರವನ್ನೂ ಹಿಡಿಯುವ ವ್ಯವಸ್ಥೆ ಬೇಕು. ನೆಲ ಅಗೆಯಬೇಕು, ಖರ್ಚು ಹಲವು ಪಟ್ಟು ಏರುತ್ತದೆ. ಮಾಡಬಾರದು ಅನ್ನುವುದಿಲ್ಲ. ಹಬ್ಬದ ಎರಡು ದಿನದ ಅನುಕೂಲಕ್ಕೆ ಇಷ್ಟು ಬೇಕಾ ಅಂತ ಮಾತ್ರ ಯೋಚಿಸಿ.

ಇಂಜಿನಿಯರ್ ಅಂದರೆ ಸ್ಟ್ರಕ್ಚರಲ್ ಇಂಜಿನಿಯರ್. ಒಳಾಂಗಣ ವಿನ್ಯಾಸ ಮಾಡುವವರಲ್ಲ, ಪ್ಲಾನ್ ಪಾಸ್ ಮಾಡಿಸಿಕೊಡುವವರೂ ಅಲ್ಲ. ಅವರಿಂದ ಬಾಯಿಮಾತಿನ ಸಲಹೆ ಬೇಡ, ಸಹಿ ಹಾಕಿದ ಡ್ರಾಯಿಂಗ್ ತೆಗೆದುಕೊಳ್ಳಿ. ಅದರಲ್ಲಿ ಚಾನೆಲ್ ಅಳತೆಯ ಜೊತೆಗೆ ಪ್ರಾಪು ಎಲ್ಲೆಲ್ಲಿ ಎಷ್ಟು ದೂರಕ್ಕೆ, ಯಾವುದಾದ ಮೇಲೆ ಯಾವುದು ಅಂತಲೂ ಇರಬೇಕು. ಪ್ರಾಪು ನಿಲ್ಲಿಸಿದ ದಿನ ಒಮ್ಮೆ, ತೆಗೆಯುವ ದಿನ ಒಮ್ಮೆ ಅವರು ಖುದ್ದಾಗಿ ಬರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ನಗರಪಾಲಿಕೆಯ ಅನುಮತಿ ಬೇಕಾ ಅಂತಲೂ ಅವರನ್ನೇ ಕೇಳಿ, ಭಾರದ ಗೋಡೆ ಬದಲಿಸುವುದು ಬಣ್ಣ ಹೊಡೆಸಿದ ಹಾಗೆ ಅಲ್ಲ. ಮಾವನವರ ಹಳೇ ಬ್ಲೂಪ್ರಿಂಟ್ ಬೀರುವಿನಲ್ಲಿ ಇದ್ದೀತು, ಹುಡುಕಿ ಕೊಡಿ. ಮೇಸ್ತ್ರಿಯನ್ನು ಬಿಡಿಸಬೇಕಾಗಿಲ್ಲ. ಡ್ರಾಯಿಂಗ್ ಕೈಯಲ್ಲಿದ್ದರೆ ಅನುಭವಸ್ಥ ಮೇಸ್ತ್ರಿಯಷ್ಟು ಚೆನ್ನಾಗಿ ಈ ಕೆಲಸ ಮಾಡುವವರು ಯಾರೂ ಇಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವ ಓದುಗರಿಗೆ ಒಂದು ಮಾತು. ಮೇಲಿನ ಯಾವ ಲೆಕ್ಕವೂ ನಿಮಗೆ ಅನ್ವಯಿಸುವುದಿಲ್ಲ. ಈಚಿನ ಎಷ್ಟೋ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ತಾರಸಿ ಎರಡನ್ನೂ ಒಟ್ಟಿಗೆ ಕಾಂಕ್ರೀಟ್ ಸುರಿದು ಕಟ್ಟಿರುತ್ತಾರೆ. ಮೈವಾನ್ ಅಂತ ಕರೆಯುತ್ತಾರಲ್ಲ, ಅದು. ಅಲ್ಲಿ ತೆಳ್ಳಗೆ ಕಾಣುವ ಗೋಡೆಯೂ ಮೇಲಿನ ಅಷ್ಟೂ ಮಹಡಿಯ ಭಾರ ಹೊತ್ತಿರಬಹುದು. ಎಸಿ ಪೈಪಿಗೆ ತೂತು ಕೊರೆಯುವ ಮೊದಲೂ ಕೇಳಿ.

ಕೆಲಸ ನಡೆಯುವ ದಿನಗಳಲ್ಲಿ ನೀವು ಗಮನಿಸಬೇಕಾದ್ದು ಇಷ್ಟು. ಈಗಲೇ ಮೇಲಿನ ಗೋಡೆಯಲ್ಲಿ ಇರುವ ಸಣ್ಣ ಬಿರುಕುಗಳ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ, ಫೋಟೋ ತೆಗೆದಿಡಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದರೆ ಇನ್ನೂ ಒಳ್ಳೆಯದು, ಗೋಡೆ ಸ್ವಲ್ಪ ಅಲುಗಿದರೂ ಗಾಜು ಒಡೆಯುತ್ತದೆ. ಮೇಲಿನ ಬಾಗಿಲನ್ನು ದಿನಾ ಹಾಕಿ ತೆಗೆದು ನೋಡಿ. ಬಾಗಿಲು ಹಿಡಿಯಲು ಶುರುವಾದರೆ, ಪ್ರಾಪಿನ ಹತ್ತಿರ ಪುಡಿ ಉದುರಿದರೆ, ಟಿಕ್ ಟಿಕ್ ಅಂತ ಸದ್ದು ಬಂದರೆ ಎಲ್ಲರೂ ಹೊರಗೆ ಬಂದು ಇಂಜಿನಿಯರಿಗೆ ಫೋನ್ ಮಾಡಿ.

ಕೊನೆಗೆ ನೆಲದ ಕೆಲಸ ಬಂದಾಗ ನೀವೇ ಪಕ್ಕದಲ್ಲಿ ನಿಲ್ಲಿ. ಗೋಡೆ ತೆಗೆದ ಜಾಗದಲ್ಲಿ 9 ಇಂಚು ಅಗಲದ ಪಟ್ಟಿ ನೆಲಹಾಸು ಇಲ್ಲದೆ ಉಳಿಯುತ್ತದೆ. ಅಲ್ಲಿ ಹೊಸ ಟೈಲ್ಸ್ ಅಥವಾ ಗ್ರಾನೈಟ್ ಪಟ್ಟಿ ಹಾಕುವಾಗ ಮೇಸ್ತ್ರಿಗಳು ಅಂದಕ್ಕೆ ಅಂತ ಅರ್ಧ ಇಂಚು ಎತ್ತರಿಸಿಬಿಡುತ್ತಾರೆ. ಅತ್ತೆಯವರ ವಾಕರ್ ಕಾಲು ಸಿಕ್ಕಿಕೊಳ್ಳುವುದು ಅಲ್ಲೇ. ಎರಡೂ ಕೋಣೆಯ ನೆಲಕ್ಕೆ ಸರಿಸಮ ಮಾಡಿಸಿ.